ಅಪ್ಪಿಯಕ್ಕನ ಬುಟ್ಟಿಗೆ ಕೈ ಕೊಟ್ಟವರು

ದೆವ್ವ, ಪೀಡೆ, ದೃಷ್ಟಿ ಎಂದು ಯಾರಾದರೂ ಬಾಯಿ ತೆರೆದರೆ "ರಾತ್ರಿ ಊಟ ಹೆಚ್ಚಾಯಿತಾ?" ಎಂದು ಕೇಳುವ ಜಾಯಮಾನ ನನ್ನದು. ಮಕ್ಕಳಿಗೆ ಲೆಕ್ಕ ಕಲಿಸುವ ಮಾಸ್ತರನೇ ಇಂಥದ್ದನ್ನೆಲ್ಲ ನಂಬಿದರೆ ಅವನು ಹೇಳಿಕೊಟ್ಟ ಮಗ್ಗಿಯನ್ನು ಯಾರು ನಂಬುತ್ತಾರೆ? ಅಂಥವನು ಈಗ ಇದನ್ನು ಬರೆಯಲು ಕುಳಿತಿದ್ದೇನೆ. ನಗುವವರು ನಗಲಿ, ನಾನೂ ಎಷ್ಟೋ ಜನರನ್ನು ನೋಡಿ ನಕ್ಕಿದ್ದೇನೆ.

ಅರವತ್ತರ ದಶಕದ ಒಂದು ಮಳೆಗಾಲ. ಗಂಟಲಿನಲ್ಲಿ ಕ್ಯಾನ್ಸರ್ ಎಂದು ಗೊತ್ತಾಗಿ ಮದ್ರಾಸಿಗೆ ಹೋಗಿ ಮೂರು ತಿಂಗಳು ಆಸ್ಪತ್ರೆಯಲ್ಲಿದ್ದೆ. ಕಾರ್ಕಳದ ಅಣ್ಣ ಜೊತೆಗಿದ್ದ. ಹೆಂಡತಿ ಸೆವ್ರಿನ್ ಇನ್ನಂಜೆಯ ಮನೆಯಲ್ಲಿ ಗದ್ದೆ, ದನ, ಇಬ್ಬರು ಮಕ್ಕಳನ್ನು ಒಬ್ಬಳೇ ನೋಡಿಕೊಂಡಳು. ನನ್ನ ಕುತ್ತಿಗೆಗೆ ಕರೆಂಟು ಕೊಟ್ಟರು. ವಿಕಿರಣ ಚಿಕಿತ್ಸೆಗೆ ನಾವೆಲ್ಲ ಹಾಗೆಯೇ ಹೇಳುತ್ತಿದ್ದದ್ದು. ರೋಗವೇನೋ ಹೋಯಿತು, ದಣಿವು ಮಾತ್ರ ಉಳಿದುಕೊಂಡಿತು.

ಅದೆಂಥ ದಣಿವು ಎಂದು ಹೇಳಲಿ! ಅಂಗಿಯ ಒಂದು ತೋಳು ಹಾಕಿಕೊಂಡು, ಇನ್ನೊಂದನ್ನು ಹಾಕುವ ಮೊದಲು ಮಂಚದ ಮೇಲೆ ಕುಳಿತುಬಿಡುತ್ತಿದ್ದೆ. ನಿದ್ದೆ ಮಾಡಿ ಎದ್ದರೂ ಗದ್ದೆ ಉತ್ತು ಬಂದವನ ಹಾಗೆ ಮೈಕೈ ನೋವು. ಮಣಿಪಾಲದಲ್ಲಿ ತೋರಿಸಿದಾಗ ಡಾಕ್ಟರು, "ರೋಗದ ಸುಳಿವಿಲ್ಲ. ದಣಿವು ನಿಧಾನಕ್ಕೆ ಹೋಗುತ್ತದೆ, ದಿನಾ ಸ್ವಲ್ಪ ನಡೆಯಿರಿ" ಎಂದರು. ಸುಳಿವಿಲ್ಲ ಎಂದದ್ದೇ ತಡ, ನೆಂಟರ ಕನಿಕರವೂ ಮುಗಿಯಿತು. "ಗುಣ ಆಗಿದೆಯಲ್ಲ ಮಾರಾಯ, ಇನ್ನೆಂತ ಮಲಗುವುದು?" ಎಂದು ಅಣ್ಣನೇ ಕೇಳಿದ. ಸೆವ್ರಿನ್ ಏನೂ ಕೇಳಲಿಲ್ಲ. ಹುಲ್ಲಿನ ಹೊರೆ ಹೊತ್ತು ಬರುವಾಗ ನನ್ನ ಕಡೆ ಒಮ್ಮೆ ನೋಡುತ್ತಿದ್ದಳು, ಅಷ್ಟೆ. ಅವಳೂ ನನ್ನನ್ನು ಮೈಗಳ್ಳ ಎಂದುಕೊಂಡಿದ್ದಾಳೋ ಏನೋ ಎಂಬ ಯೋಚನೆ ಆ ರೋಗಕ್ಕಿಂತ ಹೆಚ್ಚು ಹಿಂಡುತ್ತಿತ್ತು. ನಿಜ ಹೇಳುತ್ತೇನೆ, ನನಗೇ ನನ್ನ ಮೇಲೆ ಸಂಶಯ ಬಂದಿತ್ತು.

ಮಳೆ ನಿಂತ ಮೇಲೆ ಒಂದು ಶುಕ್ರವಾರ ಬೆಳಿಗ್ಗೆ ಗದ್ದೆಯಂಚಿನ ಮುರಕಲ್ಲಿನ ಕಟ್ಟೆಯ ತನಕ ನಡೆದು ಹೋಗಿ ಕುಳಿತೆ. ಸೆವ್ರಿನ್ ಬಿಸಿಲಿಗೆ ಕೊಡೆ ಹಿಡಿದು ಜೊತೆಗೆ ಬಂದಿದ್ದಳು. ತಲೆಹೊರೆಯವರು ಸುಧಾರಿಸಿಕೊಳ್ಳುವ ಜಾಗ ಅದು. ಹೊರೆ ಹೊತ್ತವರು "ಕೈ ಕೊಡಿ" ಎಂದರೆ ಯಾವ ಜಾತಿ, ಯಾವ ಮತ ಎಂದು ನೋಡದೆ ಇಳಿಸಿಕೊಡುವುದು ನಮ್ಮ ಕಡೆಯ ಪದ್ಧತಿ. ಶುಕ್ರವಾರ ನಮ್ಮ ಕ್ರೈಸ್ತರ ಮನೆಗಳಲ್ಲಿ ಮಾಂಸ ಮಾಡುವುದಿಲ್ಲ, ಮೀನೇ ಬೇಕು. ಹಾಗಾಗಿ ಕಾಪುವಿನಿಂದ ಮೀನು ಮಾರಲು ಬರುವ ಅಪ್ಪಿಯಕ್ಕ ಶುಕ್ರವಾರ ತಪ್ಪಿಸುತ್ತಿರಲಿಲ್ಲ. ಅಂದೂ ಬಂಗುಡೆಯ ಬುಟ್ಟಿ ಹೊತ್ತು ಬಂದಳು.

"ಮಾಸ್ಟ್ರೇ, ಸ್ವಲ್ಪ ಕೈ ಕೊಡಿ."

"ನನ್ನಿಂದಾಗುವುದಿಲ್ಲ ಅಪ್ಪಿಯಕ್ಕ. ಹುಷಾರಿಲ್ಲದೆ ಮಳೆಗಾಲ ಪೂರ್ತಿ ಮದ್ರಾಸಿನಲ್ಲಿದ್ದೆ."

"ಎಂತ ಮದ್ರಾಸು? ಆಟಿ ತಿಂಗಳ ಆ ಮಳೆಯಲ್ಲಿ ಪ್ರತಿ ಶುಕ್ರವಾರ ನನ್ನ ಒಣಮೀನಿನ ಬುಟ್ಟಿಗೆ ಕೈ ಕೊಟ್ಟದ್ದು ಯಾರು ಮತ್ತೆ?"

ಸೆವ್ರಿನ್ ನಕ್ಕಳು. "ಬೇರೆ ಯಾರೋ ಇರಬೇಕು."

"ನನ್ನ ಕಣ್ಣು ಇನ್ನೂ ಹೋಗಲಿಲ್ಲ ಬಾಯಮ್ಮ. ಇವರೇ. ಕುತ್ತಿಗೆಯಲ್ಲಿ ನೇರಳೆ ಶಾಯಿಯ ಗೆರೆ ಬೇರೆ ಉಂಟು. ಶಾಲೆ ಮಕ್ಕಳು ಗೀಚಿದ್ದಾ ಅಂತ ಕೇಳಿದೆ. ಉತ್ತರವೇ ಇಲ್ಲ! ಈ ಮಾಸ್ಟ್ರಿಗೆ ಜಂಭ ಬಂತು ಅಂತ ಎಣಿಸಿದೆ."

ಕರೆಂಟು ದಿನವೂ ಅದೇ ಜಾಗಕ್ಕೆ ಬೀಳಲಿ ಎಂದು ಮದ್ರಾಸಿನಲ್ಲಿ ನನ್ನ ಕುತ್ತಿಗೆಗೆ ನೇರಳೆ ಶಾಯಿಯಲ್ಲಿ ಗೆರೆ ಎಳೆದಿದ್ದರು. ಊರಿಗೆ ಬರುವಷ್ಟರಲ್ಲಿ ಅದು ಪೂರ್ತಿ ಮಾಸಿತ್ತು. ಹೆದರುತ್ತಾಳೆಂದು ಸೆವ್ರಿನ್‌ಗೂ ಬರೆದಿರಲಿಲ್ಲ. ಅಲ್ಲೇ, ತೊದಲುತ್ತಾ, ಅವಳಿಗೆ ಅದನ್ನು ಹೇಳಿದೆ.

ಅವಳ ನಗು ನಿಂತಿತು. ಕೊಡೆಯನ್ನು ನನ್ನ ಕೈಗೆ ಕೊಟ್ಟು, ಎದ್ದು ಹೋಗಿ ಬುಟ್ಟಿಯನ್ನು ಇಳಿಸಿಕೊಟ್ಟಳು. "ಅಪ್ಪಿಯಕ್ಕ, ಇನ್ನು ಮುಂದೆ ಇವರನ್ನು ಕರೆಯಬೇಡಿ. ಇವರಾಗಿಯೇ ಎದುರು ಬಂದು ನಿಂತರೂ ಬೇಡ ಎನ್ನಿ. ಶುಕ್ರವಾರ ನಾನು ಬರುತ್ತೇನೆ" ಎಂದಳು.

ಹಾಗೆಯೇ ಹೋಗತೊಡಗಿದಳು. ಅಣ್ಣ ಮತ್ತೆ ಮನೆಗೆ ಬಂದು ಅದೇ ರಾಗ ತೆಗೆದಾಗ, "ಅವರಿಗೆ ದಣಿವುಂಟು, ಮಲಗಲಿ" ಎಂದು ಬಾಯಿ ಮುಚ್ಚಿಸಿದಳು. ಒಳಗಿನ ಕೋಣೆಯಲ್ಲಿ ಅದು ಕಿವಿಗೆ ಬಿದ್ದು ನಾನು ಅತ್ತುಬಿಟ್ಟೆ. ಆಮೇಲೆ ಶಾಯಿಯ ವಿಷಯ ಯಾರಿಗಾದರೂ ಹೇಳಿದ್ದೆಯಾ ಎಂದು ಅಣ್ಣನನ್ನು ಕೇಳಿದೆ. ಅವನು ಶಿಲುಬೆಯ ಮೇಲೆ ಆಣೆ ಇಟ್ಟು ಇಲ್ಲವೆಂದ. ಕಾರ್ಕಳದ ಅವನಿಗೆ ಅಪ್ಪಿಯಕ್ಕ ಯಾರೆಂದೇ ಗೊತ್ತಿರಲಿಲ್ಲ.

ಮರುವರ್ಷ ಶಾಲೆಗೆ ಹೋದೆ, ಅರ್ಧ ದಿನ. ದಣಿವು ಪೂರ್ತಿ ಹೋಗಲೇ ಇಲ್ಲ, ಈಗಲೂ ಸ್ವಲ್ಪ ಉಂಟು. ಆ ಗೆರೆ ಅಪ್ಪಿಯಕ್ಕನಿಗೆ ಹೇಗೆ ಕಂಡಿತೆಂದು ಎಷ್ಟು ಕೂಡಿ ಕಳೆದರೂ ಲೆಕ್ಕ ತಾಳೆಯಾಗಿಲ್ಲ. "ನೀನು ಅದನ್ನು ನಿಜವಾಗಿ ನಂಬಿದೆಯಾ?" ಎಂದು ಸೆವ್ರಿನ್‌ಳನ್ನೇ ಒಮ್ಮೆ ಕೇಳಿದ್ದೆ. ಅವಳು ಸೆರಗು ಸೊಂಟಕ್ಕೆ ಸಿಕ್ಕಿಸುತ್ತಿದ್ದಳು.

"ಸುಳ್ಳೋ ನಿಜವೋ ದೇವರಿಗೇ ಗೊತ್ತು. ಗಂಡ ಎರಡೆರಡು ಕಡೆ ದುಡಿದ ಅಂತ ಕೇಳಿದ ಮೇಲೆ ಸುಮ್ಮನಿರಲಿಕ್ಕಾಗುತ್ತದಾ? ಮಲಗಿ ನೀವು. ಇವತ್ತು ಶುಕ್ರವಾರ, ನಾನು ಹೋಗಿ ಬರುತ್ತೇನೆ."