ಎರಡೇ ರಿಂಗು

ನಮ್ಮ ಮನೆಯವರು ಶ್ರೀನಿವಾಸಪುರದ ಒಂದು ಮಾವಿನ ಮಂಡಿಯಲ್ಲಿ ಲೆಕ್ಕ ಬರೆಯುತ್ತಿದ್ದರು. ಬೆಳಿಗ್ಗೆ ಮುಳಬಾಗಿಲಿನಲ್ಲಿ ಬಸ್ಸು ಹತ್ತಿ ಹೋದವರು ಮಂಡಿ ತಲುಪಿದ ಕೂಡಲೇ ಮನೆಗೆ ಫೋನ್ ಮಾಡುತ್ತಿದ್ದರು. ಎರಡು ರಿಂಗ್ ಆಗುತ್ತಲೇ ಇಟ್ಟುಬಿಡುತ್ತಿದ್ದರು. ನಾವು ಎತ್ತಬಾರದು, ಎತ್ತಿದರೆ ಮಂಡಿಯ ಬಿಲ್ಲು ಏರುತ್ತದೆ. ಎರಡು ರಿಂಗು ಅಂದರೆ ಕ್ಷೇಮವಾಗಿ ತಲುಪಿದೆ ಎಂದು ಅರ್ಥ. ಒಲೆಯ ಮುಂದೆ ಇದ್ದರೂ ಆ ಸದ್ದು ಕೇಳಿದರೆ ಸಾಕು, ನಾನು ದೇವರ ಮನೆಯ ಕಡೆ ತಿರುಗಿ ಕೈ ಮುಗಿಯುತ್ತಿದ್ದೆ. ಅವರಿಗೆ ಸಕ್ಕರೆ ಕಾಯಿಲೆ ಕಾಣಿಸಿಕೊಂಡ ಮೇಲಂತೂ ಆ ಎರಡು ರಿಂಗಿಗಾಗಿ ಕಿವಿ ಕಾಯುತ್ತಿತ್ತು. ಕಾಯಿಲೆಯ ಸುದ್ದಿಯನ್ನು ಅವರು ಮಂಡಿಯಲ್ಲಿ ಯಾರಿಗೂ ಹೇಳಿರಲಿಲ್ಲ. "ಕಾಯಿಲೆಯೋನು ಅಂತ ಗೊತ್ತಾದ್ರೆ ಕೂರ್ಸಿಬಿಡ್ತಾರೆ ಕಣೇ" ಎನ್ನುತ್ತಿದ್ದರು.

ಆಗ ಮಗಳು ಡಿಗ್ರಿಯ ಕೊನೆಯ ವರ್ಷದಲ್ಲಿದ್ದಳು. ಅವಳಿಗೆ ಮನೆಯಲ್ಲೇ ಇಂಟರ್ನೆಟ್ ಬೇಕಾಯಿತು. ನಮ್ಮ ಹಳೆಯ ಫೋನಿನ ಲೈನಿನಲ್ಲಿ ಬ್ರಾಡ್‌ಬ್ಯಾಂಡ್ ಬರುವುದು ಇನ್ನೂ ತಡವೆಂದು ಗೊತ್ತಾದಾಗ, ಹೊಸದಾಗಿ ಬಂದಿದ್ದ ಒಂದು ಖಾಸಗಿ ಕಂಪನಿಗೆ ಬದಲಾಯಿಸಿದೆವು. ಕಂಪನಿಯವರು ಬಂದು ಕಂಬದಿಂದ ವೈರು ಎಳೆದರು. ನಡುವೆ ಜೋತುಬೀಳುತ್ತದೆಂದು ಹಿತ್ತಲ ನುಗ್ಗೆ ಮರದ ಕೊಂಬೆಗೆ ಒಂದು ಸುತ್ತು ಸುತ್ತಿದರು. ಫೋನಿನ ಪಕ್ಕ ಬಿಳಿ ಪೆಟ್ಟಿಗೆಯೊಂದನ್ನು ಇಟ್ಟರು. ಅದರಲ್ಲಿ ಸಣ್ಣ ಹಸಿರು ದೀಪಗಳು ಮಿಣುಕುತ್ತಿದ್ದವು. ಫೋನ್ ಮಾತ್ರ ನಮ್ಮ ಹಳೆಯದೇ. ಯಾರು ಕರೆಯುತ್ತಿದ್ದಾರೆಂದು ತೋರಿಸುವ ಪರದೆ ಅದರಲ್ಲಿರಲಿಲ್ಲ. ನಂಬರು ಬದಲಾಯಿತು. ಹೊಸದನ್ನು ಮನೆಯವರು ಮಂಡಿಯಲ್ಲಿ ಕೊಟ್ಟು ಬಂದರು.

ಮೊದಲು ಎಲ್ಲ ಸರಿಯಿತ್ತು. ಆಷಾಢದ ಜಡಿಮಳೆ ಹಿಡಿದ ಮೇಲೆ ತೊಂದರೆ ಶುರುವಾಯಿತು. ಫೋನ್ ರಿಂಗಾದರೆ ಇಂಟರ್ನೆಟ್ ಹೋಗುತ್ತಿತ್ತು. ಹಸಿರು ದೀಪ ಆರಿ ಕೆಂಪು ಹತ್ತಿಕೊಳ್ಳುತ್ತಿತ್ತು. ಮಗಳು ಕಂಪನಿಗೆ ಫೋನ್ ಮಾಡಿದರೆ ಒಂದನ್ನು ಒತ್ತಿ, ಎರಡನ್ನು ಒತ್ತಿ ಎಂದು ಹೇಳಿಸಿಕೊಂಡು ಕೊನೆಗೆ ಒಬ್ಬ ಹೆಣ್ಣುಮಗಳು ಸಿಗುತ್ತಿದ್ದಳು. "ಮೋಡೆಮ್ ಆಫ್ ಮಾಡಿ ಆನ್ ಮಾಡಿ ಮೇಡಂ" ಎನ್ನುತ್ತಿದ್ದಳು. ನಾವು ಆಫ್ ಮಾಡಿ ಆನ್ ಮಾಡುತ್ತಿದ್ದೆವು.

ಆ ದಿನ ಪ್ರಥಮ ಏಕಾದಶಿ. ನಮ್ಮ ಮನೆಯಲ್ಲಿ ಅನ್ನ ಇಲ್ಲ. ಅವರಿಗಾಗಿ ಅವಲಕ್ಕಿ ನೆನೆಸಿ ಮೊಸರು ಕಲಸಿಟ್ಟಿದ್ದೆ. ಸ್ನಾನ, ಸಂಧ್ಯಾವಂದನೆ ಮುಗಿಸಿ ಅವರು ಸಕ್ಕರೆ ಕಾಯಿಲೆಯ ಮಾತ್ರೆ ನುಂಗಿದರು. ತಟ್ಟೆ ಮುಂದಿಟ್ಟೆ.

"ಬೇಡ ಕಣೇ, ಬಸ್ಸು ತಪ್ಪತ್ತೆ. ವರ್ಷಕ್ಕೊಂದಿನ ಪೂರ್ತಿ ಉಪವಾಸ ಮಾಡಿದ್ರೆ ಏನೂ ಆಗಲ್ಲ."

"ಮಾತ್ರೆ ತಗೊಂಡಿದೀರಿ, ಬರೀ ಹೊಟ್ಟೆ ರೀ" ಎಂದೆ. ಅವರಾಗಲೇ ಚಪ್ಪಲಿ ಮೆಟ್ಟಿದ್ದರು.

ಹೊತ್ತಿಗೆ ಸರಿಯಾಗಿ ಎರಡು ರಿಂಗ್ ಆಯಿತು. ಕೈ ಮುಗಿದೆ. ಸ್ವಲ್ಪ ಹೊತ್ತಿಗೆ ಮತ್ತೆ ಎರಡು ರಿಂಗ್ ಆಗಿ ನಿಂತಿತು. ಒಳಗಿನಿಂದ ಮಗಳು ಕೂಗಿದಳು.

"ಅಮ್ಮಾ, ನೆಟ್ ಮತ್ತೆ ಹೋಯ್ತು! ಎಷ್ಟು ಸಲ ತಲುಪ್ತಾರಮ್ಮ ಅಪ್ಪ?"

"ಮರೆತು ಇನ್ನೊಂದ್ಸಲ ಮಾಡಿರ್ತಾರೆ, ಸುಮ್ನಿರೇ" ಎಂದೆ. ನನಗೂ ನಗು ಬಂದಿತ್ತು. ಮೂರನೆಯ ಸಲ ಅದೇ ಎರಡು ರಿಂಗು ಕೇಳಿದಾಗ ನಗು ನಿಂತುಹೋಯಿತು. ಮಗಳು ಬಾಗಿಲಿಗೆ ಬಂದು ನನ್ನ ಮುಖ ನೋಡಿದಳು. ಅವಳೂ ನಗಲಿಲ್ಲ.

ಫೋನಿನ ಮೇಲೆ ಕೈ ಇಟ್ಟುಕೊಂಡೇ ನಿಂತೆ. ಮತ್ತೆ ಸದ್ದಾಯಿತು. ಮೊದಲ ರಿಂಗಿಗೇ ಎತ್ತಿದೆ. ಗರಗರ ಎಂಬ ಸದ್ದಿನ ಆಚೆ ಗಂಡಸಿನ ದನಿ. ಅವರದಲ್ಲ. "ಅಮ್ಮಾ... ನಿಮ್ಮೆಜಮಾನ್ರು..." ಅಷ್ಟೇ. ಆಮೇಲೆ ಏನೂ ಇಲ್ಲ. ಕೆಂಪು ದೀಪ ಮಾತ್ರ.

ನಿಮ್ಮೆಜಮಾನ್ರು. ಆ ಒಂದು ಮಾತಿನ ಮುಂದೆ ಏನಿತ್ತೋ! ಆಗ ಹೊಳೆಯಿತು, ಇವತ್ತು ಎರಡು ರಿಂಗಿಗೆ ಇಡುತ್ತಿದ್ದದ್ದು ಅವರಲ್ಲ, ಲೈನೇ ಕತ್ತರಿಸಿಹೋಗುತ್ತಿತ್ತು. ಅಲ್ಲಿಂದ ಯಾರೋ ಒದ್ದಾಡುತ್ತಾ ಕರೆಯುತ್ತಿದ್ದರೆ ಇಲ್ಲಿ ನಾನು ಕ್ಷೇಮವೆಂದು ಕೈ ಮುಗಿಯುತ್ತಿದ್ದೆ.

ಮಂಡಿಗೆ ಫೋನ್ ಮಾಡಿದೆ. ಎಂಗೇಜ್. ಮತ್ತೆ ಎಂಗೇಜ್. ಮಂಡಿಯವರು ನಮಗೆ ಮಾಡುತ್ತಿದ್ದರು, ನಾನು ಅವರಿಗೆ ಮಾಡುತ್ತಿದ್ದೆ. ಮಗಳು ಅಳುವ ದನಿಯಲ್ಲಿ, "ಮೋಡೆಮ್ ಕಿತ್ತುಹಾಕ್ಲಾ ಅಮ್ಮಾ?" ಎಂದು ಪೆಟ್ಟಿಗೆಯ ವೈರನ್ನೇ ಎಳೆದಳು. ಸರಿಹೋಗಲಿಲ್ಲ. ದೇವರ ಮುಂದೆ ಹೋಗಿ ನಿಂತರೆ ಬಾಯಿಗೆ ಒಂದು ಸ್ತೋತ್ರವೂ ಬರಲಿಲ್ಲ. "ಅಪ್ಪಾ, ಅಪ್ಪಾ" ಅಂದೆ, ಅಷ್ಟೇ.

ಆಗ ಕಾಂಪೌಂಡಿನ ಆಚೆಯಿಂದ ಪಕ್ಕದ ಮುಸ್ಲಿಂ ಮನೆಯ ಆಪಾ ಕೂಗಿದರು. "ಅಕ್ಕಾ! ಬೇಗ ಬಾರಕ್ಕಾ! ಮಂಡಿಯಿಂದ ಫೋನು, ಲೈನಲ್ಲೇ ಅವ್ರೆ!"

ಆಪಾನ ಯಜಮಾನರು ತಗಡಿನ ಟ್ರಂಕು ಪೆಟ್ಟಿಗೆ ಮಾಡುವವರು. ತೊಂಬತ್ತರ ದಶಕದಲ್ಲಿ ಆ ಸಾಲಿಗೆಲ್ಲ ಅವರದೊಂದೇ ಫೋನು. ನಮ್ಮವರು ಕೆಲಸಕ್ಕೆ ಸೇರಿದಾಗ ಮಂಡಿಯಲ್ಲಿ ಕೊಟ್ಟಿದ್ದು ಅವರ ನಂಬರೇ. ಪಕ್ಕದ ಮನೆಯ ನಂಬರು ಕೊಟ್ಟು ಮುಂದೆ ಪಿ.ಪಿ. ಎಂದು ಬರೆಯುವುದು ಆಗಿನ ರೂಢಿ. ನಮಗೆ ಸ್ವಂತ ಫೋನು ಬಂದು, ಅದೂ ಹೋಗಿ, ಈ ಹೊಸದು ಬಂದಿತ್ತು. ಆಪಾ ಮಾತ್ರ ಹಳೆಯ ಲೈನು ಬಿಟ್ಟಿರಲಿಲ್ಲ. ಮಂಡಿಯ ಸಾಹುಕಾರರ ಬಾಯಲ್ಲಿ ಆ ಹಳೆಯ ನಂಬರು ಇನ್ನೂ ಇತ್ತು.

ಓಡಿಹೋಗಿ ರಿಸೀವರ್ ಹಿಡಿದೆ. ಆಪಾ ನನ್ನ ಮೊಣಕೈಯನ್ನು ಎತ್ತಿ ಹಿಡಿದುಕೊಂಡರು.

"ಏಮೀ ಕಾಲೇದಮ್ಮಾ, ಏನೂ ಆಗಿಲ್ಲ, ಭಯಪಡ್ಬೇಡಿ" ಎಂದರು ಸಾಹುಕಾರರು. ಅವರು ಆಂಧ್ರದ ಗಡಿಯ ರಾಯಲ್ಪಾಡಿನ ಕಡೆಯವರು, ಗಾಬರಿಯಾದರೆ ತೆಲುಗು ಬಂದುಬಿಡುತ್ತಿತ್ತು. ತೆಲುಗು ಕೇಳಿದ್ದೇ ನನ್ನ ಜೀವ ಹಾರಿತು. "ಬಂದೋರು ಕುರ್ಚಿ ಮೇಲೆ ಕೂತ್ರು, ಹಂಗೇ ಬಿದ್ಬಿಟ್ರು. ಮೈಯೆಲ್ಲಾ ಬೆವರು, ಕರೆದ್ರೆ ಮಾತಿಲ್ಲ. ಪಕ್ಕದ ಕ್ಲಿನಿಕ್ಕಿಗೆ ಎತ್ಕೊಂಡೋಗಿದೀವಿ. ಹಾರ್ಟೇನೋ ಅಂತ ಡಾಕ್ಟ್ರು ಕೋಲಾರಕ್ಕೆ ಕಳ್ಸೋಕೆ ಗಾಡಿ ನೋಡ್ತಾವ್ರೆ. ಏನಾದ್ರೂ ಕಾಯಿಲೆ ಐತಾ, ಕೇಳು ಅಂದ್ರು."

"ಸಕ್ಕರೆ! ಸಕ್ಕರೆ ಕಾಯಿಲೆ ಇದೆ ಸಾಹುಕಾರ್ರೇ. ಇವತ್ತು ಏಕಾದಶಿ. ಮಾತ್ರೆ ನುಂಗಿದ್ದಾರೆ, ಹೊಟ್ಟೆಗೆ ಏನೂ ಇಲ್ಲ. ಡಾಕ್ಟ್ರಿಗೆ ಓಡಿ ಹೇಳಿ!"

ಅವರು ರಿಸೀವರನ್ನು ಮೇಜಿನ ಮೇಲೆ ಎಸೆದು ಓಡಿದ ಸದ್ದು ಕೇಳಿಸಿತು. ಆಮೇಲೆ ಮಂಡಿಯ ಗದ್ದಲ. ಹಣ್ಣಿನ ಹರಾಜು ಕೂಗುವ ಕೂಗು, ಲಾರಿಯ ಹಾರನ್ನು, ಯಾರೋ ಯಾರನ್ನೋ ಬೈಯುವುದು. ಲೋಕವೆಲ್ಲ ತನ್ನ ಪಾಡಿಗೆ ನಡೆದಿತ್ತು. ನನ್ನ ಗಂಡ ಇದ್ದಾರೋ ಇಲ್ಲವೋ ಎನ್ನುವುದೊಂದೇ ಆ ಗದ್ದಲದಲ್ಲಿ ಇರಲಿಲ್ಲ. ಎಷ್ಟು ಹೊತ್ತು ನಿಂತಿದ್ದೆನೋ. ಆಪಾ ತುಟಿಯಲ್ಲೇ ಏನೋ ಓದಿಕೊಳ್ಳುತ್ತಿದ್ದರು. ಮಗಳು ನನ್ನ ಸೆರಗನ್ನು ಚಿಕ್ಕ ಹುಡುಗಿಯ ಹಾಗೆ ಹಿಡಿದುಕೊಂಡಿದ್ದಳು.

"ಅಮ್ಮಾ?" ಸಾಹುಕಾರರು ಏದುಸಿರು ಬಿಡುತ್ತಿದ್ದರು. "ಸಕ್ಕರೆ ಪೂರಾ ಇಳ್ದೋಗಿತ್ತಂತೆ, ಗ್ಲೂಕೋಸ್ ಏರ್ಸಿದ್ರು. ಕಣ್ಣು ಬಿಟ್ರಮ್ಮಾ. ಚಪ್ಪಲಿ ಎಲ್ಲಿ ಅಂತ ಕೇಳ್ತಾವ್ರೆ."

ನಾನು ಆಪಾನ ಮನೆಯ ನೆಲದ ಮೇಲೇ ಕುಳಿತುಬಿಟ್ಟೆ.

ಶ್ರೀನಿವಾಸಪುರದ ಬಸ್ಸಿನಲ್ಲಿ ದಾರಿಯುದ್ದಕ್ಕೂ ದೇವರು ಮಾಡಿದ್ದನ್ನು ನೆನೆಯುತ್ತಾ ಹೋದೆ. ಅವರು ಬಸ್ಸಿನಲ್ಲಿ ಬೀಳಲಿಲ್ಲ, ರಸ್ತೆ ದಾಟುವಾಗ ಬೀಳಲಿಲ್ಲ. ಆಪಾ ಮನೆಯಲ್ಲಿದ್ದರು. ಆದರೂ ಭಯ ಬಿಡಲಿಲ್ಲ. ಕಣ್ಣಾರೆ ಕಾಣುವ ತನಕ ಕಣ್ಣು ಬಿಟ್ಟರೆಂಬ ಮಾತನ್ನು ನಂಬಲು ಧೈರ್ಯ ಸಾಲಲಿಲ್ಲ.

ಕ್ಲಿನಿಕ್ಕಿನಲ್ಲಿ ಅವರು ಒರಗಿ ಕುಳಿತು ಬನ್ನು ತಿನ್ನುತ್ತಿದ್ದರು. ನನ್ನನ್ನು ಕಂಡದ್ದೇ ತಲೆ ತಗ್ಗಿಸಿದರು.

"ಏಕಾದಶಿ ಭಂಗ ಆಗೋಯ್ತಲ್ಲೇ."

"ಆ ಲೆಕ್ಕ ನಾನು ದೇವರ ಹತ್ರ ಮಾತಾಡ್ಕೋತೀನಿ, ನೀವು ತಿನ್ನಿ" ಎಂದೆ. ಆಮೇಲೆ ನನಗೆ ಅಳು ಬಂತು.

ಕಂಪನಿಯವರು ಬಂದು ನೋಡಿದಾಗ, ನುಗ್ಗೆ ಕೊಂಬೆಗೆ ಉಜ್ಜಿ ವೈರಿನ ಸಿಪ್ಪೆ ಕಿತ್ತುಹೋಗಿತ್ತು. ಅಲ್ಲಿ ಮಳೆ ನೀರು ಇಳಿಯುತ್ತಿತ್ತಂತೆ. ರಿಂಗು ಬಂದಾಗಲೆಲ್ಲ ಆ ನೀರಿನಿಂದಾಗಿ ಯಾರೋ ಫೋನ್ ಎತ್ತಿದರೆಂದು ಲೈನು ತಪ್ಪಾಗಿ ತಿಳಿದು ಕಡಿದುಹೋಗುತ್ತಿತ್ತಂತೆ, ಅದರ ಜೊತೆ ಇಂಟರ್ನೆಟ್ಟೂ. ಹೊಸ ವೈರು ಎಳೆದರು. ದೀಪಗಳು ಹಸಿರಾದವು. ಮಗಳ ಕೆಲಸ ಸಾಗಿತು.

ಅವರು ಮತ್ತೆ ಮಂಡಿಗೆ ಹೋದ ಮೊದಲ ದಿನ ನಾನು ಒಲೆ ಆರಿಸಿ ಫೋನಿನ ಮುಂದೆ ಮಣೆ ಹಾಕಿಕೊಂಡು ಕುಳಿತೆ. ಮೊದಲ ರಿಂಗಿಗೇ ಎತ್ತಿದೆ.

"ಯಾಕೇ ಎತ್ತಿದೆ? ಎರಡು ರಿಂಗು ಅಂದಿರ್ಲಿಲ್ವಾ?"

"ರಿಂಗು ಬೇಡ ರೀ. ಮಾತಾಡಿ."

"ಏನ್ ಮಾತಾಡ್ಲಿ?"

"ತಿಂಡಿ ತಿಂದಿದ್ದು ಹೇಳಿ."

"ನೀನೇ ಅಲ್ವೇನೇ ಬೆಳಿಗ್ಗೆ ಉಪ್ಪಿಟ್ಟು ಬಡಿಸಿದ್ದು!"

"ಗೊತ್ತು. ನಿಮ್ಮ ಬಾಯಲ್ಲಿ ಹೇಳಿ."

ಅವರ ಬೆನ್ನ ಹಿಂದೆ ಹರಾಜಿನ ಕೂಗು ಕೇಳುತ್ತಿತ್ತು. "ತಿಂದಿದೀನಿ ಕಣೇ" ಎಂದರು. ಆಗ ಕೈ ಮುಗಿಯಲು ಫೋನನ್ನು ಕೆಳಗಿಟ್ಟೆ.