ದೊಡ್ಡಮ್ಮನ ಮಾತು, ನನ್ನ ಬೆರಳು

ಹೋದ ತಿಂಗಳು ಮನೆಮನೆ ಸಮೀಕ್ಷೆಯ ಕೆಲಸಕ್ಕೆಂದು ಗುರುವಾಯನಕೆರೆ ಹತ್ತಿರದ ಒಂದು ಮನೆಯ ಮೆಟ್ಟಿಲು ಹತ್ತಿದಾಗ ನೆನೆಸಿಟ್ಟ ಬೀಡಿ ಎಲೆಯ ವಾಸನೆ ಮೂಗಿಗೆ ಬಡಿಯಿತು. ಆ ವಾಸನೆ ಗೊತ್ತಿದ್ದವರಿಗೆ ಬಿಡಿಸಿ ಹೇಳಬೇಕಾಗಿಲ್ಲ; ಗೊತ್ತಿಲ್ಲದವರಿಗೆ ಹೇಗೆ ಹೇಳಲಿ? ಒದ್ದೆ ಗೋಣಿಚೀಲ, ಒಣಹುಲ್ಲು, ಅದರ ಹಿಂದಿನಿಂದ ಗಂಟಲು ಕೆರೆಯುವ ಹೊಗೆಸೊಪ್ಪಿನ ಖಾರ. ಒಬ್ಬ ಅಜ್ಜಿ ಮಡಿಲಲ್ಲಿ ತಡ್ಪೆ, ಅಂದರೆ ಮೊರ, ಇಟ್ಟುಕೊಂಡು, ಟಿ.ವಿ. ಕಡೆ ಮುಖ ಮಾಡಿ, ಕೈಯನ್ನು ನೋಡದೆಯೇ ಬೀಡಿ ಕಟ್ಟುತ್ತಿದ್ದರು. "ಈಗ ಕಟ್ಟುವವರು ಕಡಿಮೆ ಟೀಚರೆ. ನನಗೆ ಸುಮ್ಮನೆ ಕೂತರೆ ಹೊತ್ತು ಹೋಗುವುದಿಲ್ಲ," ಎಂದರು. ಕೇಳಬೇಕಾದ ಪ್ರಶ್ನೆಗಳೆಲ್ಲ ನನ್ನ ಮೊಬೈಲಿನಲ್ಲೇ ಉಳಿದವು. ನಾನು ಅವರ ಬೆರಳುಗಳನ್ನು ನೋಡುತ್ತ ಕುಳಿತುಬಿಟ್ಟೆ.

ನಾನು ಬೆಳೆದದ್ದು ಆ ವಾಸನೆಯೊಳಗೆ. ಮಾಣಿ ಎಂಬ ಊರಿನಲ್ಲಿ ಹೆದ್ದಾರಿಯ ಪಕ್ಕ, ಐದು ಸೆಂಟ್ಸ್ ಜಾಗದಲ್ಲಿ, ಗಾರೆ ಕಾಣದ ಕೆಂಪುಕಲ್ಲಿನ ಗೋಡೆಯ ಮನೆ. ಎರಡು ಕೋಣೆ, ಒಂದು ಅಡುಗೆಮನೆ, ಅವೆಲ್ಲವನ್ನೂ ಸೇರಿಸಿದಷ್ಟು ದೊಡ್ಡ ಜಗಲಿ. ಅಪ್ಪ ಲಾರಿ ಓಡಿಸುತ್ತ ಊರೂರು ತಿರುಗುತ್ತಿದ್ದರು. ಅಮ್ಮ ಗೇರುಬೀಜದ ಕಾರ್ಖಾನೆಗೆ ಹೋಗುತ್ತಿದ್ದರು. ಹಗಲು ಮನೆಯಲ್ಲಿರುತ್ತಿದ್ದವರು ಅಜ್ಜಿ ಮತ್ತು ಅಮ್ಮನ ಅಕ್ಕ, ನನ್ನ ಲೀಲಾ ದೊಡ್ಡಮ್ಮ. ದೊಡ್ಡಮ್ಮ ಮದುವೆಯಾಗಿರಲಿಲ್ಲ. ಯಾಕೆಂದು ಯಾರಾದರೂ ಕೇಳಿದರೆ "ಪುರುಸೊತ್ತಾಗಲಿಲ್ಲ" ಎನ್ನುತ್ತಿದ್ದರು, ಮುಖದಲ್ಲಿ ನಗುವೂ ಇಲ್ಲದೆ, ಬೇಸರವೂ ಇಲ್ಲದೆ. ಮಧ್ಯಾಹ್ನದ ಊಟವಾಗುತ್ತಲೇ ಪಕ್ಕದ ಮನೆಯ ನೆಬಿಸಕ್ಕ ತನ್ನ ತಡ್ಪೆ ಹಿಡಿದುಕೊಂಡು ನಮ್ಮ ಜಗಲಿಗೆ ಬರುತ್ತಿದ್ದರು. ಮೂವರೂ ಗೋಡೆಗೆ ಬೆನ್ನು ಕೊಟ್ಟು ಕುಳಿತರೆ ಕತ್ತರಿಯ ಕಿರ್ ಕಿರ್ ಸದ್ದು, ಎಲೆ ಸುರುಟುವ ಸಣ್ಣ ಸದ್ದು, ಕೆಳಗೆ ರಸ್ತೆಯಲ್ಲಿ ಬೆಂಗಳೂರು ಬಸ್ಸುಗಳು. ಹೊತ್ತು ಹೋಗಲು ಏನಾದರೂ ಬೇಕಿತ್ತು. ಅದಕ್ಕೆ ದೊಡ್ಡಮ್ಮ ನಾಟಕ ಹೇಳುತ್ತಿದ್ದರು.

ದೊಡ್ಡಮ್ಮ ಪಿಯುಸಿ ತನಕ ಓದಿದವರು. ಕಾಲೇಜು ಬಿಡುವಾಗ ಕನ್ನಡ ಮಾಸ್ಟ್ರು ಅವರಿಗೊಂದು ಪುಸ್ತಕ ಕೊಟ್ಟಿದ್ದರಂತೆ. ಹಳೆಯ ನಾಟಕಗಳನ್ನು ಕಥೆಯ ಹಾಗೆ ಬರೆದದ್ದು, ನಮ್ಮ ದೇಶದವು ಕೆಲವು, ಹೊರಗಿನವು ಕೆಲವು. ನಾನು ಓದಲು ಕಲಿಯುವ ಹೊತ್ತಿಗೆ ಗೆದ್ದಲು ಅದನ್ನು ಓದಿ ಮುಗಿಸಿತ್ತು. ಪುಸ್ತಕದ ಹೆಸರು ದೊಡ್ಡಮ್ಮನಿಗೂ ಮರೆತುಹೋಗಿತ್ತು, ನಾಟಕಗಳು ಮಾತ್ರ ನೆನಪಿದ್ದವು. ಅವುಗಳೊಳಗೆ ನಾನು ಸೇರಿಕೊಂಡದ್ದು ಬೀಡಿಯ ಕತ್ತರಿಯಿಂದ. ಮೂರನೇ ಕ್ಲಾಸಿನಲ್ಲಿದ್ದಾಗ ಒಂದು ಶನಿವಾರ ಆ ಕತ್ತರಿಯಲ್ಲಿ ಆಡುತ್ತ ತೋರುಬೆರಳು ಕೊಯ್ದುಕೊಂಡೆ. ದೊಡ್ಡಮ್ಮ ಹಳೆಯ ಬನಿಯನ್ ಹರಿದು ಸುತ್ತಿ, ಬೀಡಿ ಕಟ್ಟುವ ಕೆಂಪು ನೂಲಿನಿಂದ ಬಿಗಿದರು. ನನ್ನ ಅಳು ನಿಲ್ಲಲಿಲ್ಲ. ಆಗ ಅವರು ಪೆನ್ನು ತೆಗೆದು ಆ ಬಟ್ಟೆಯ ಮೇಲೆ ಎರಡು ಕಣ್ಣು, ಒಂದು ಮೀಸೆ ಬರೆದು, "ಇಗೋ, ರಾಜ ಬಂದ. ಅಳಬೇಡ, ಅವನಿಗೆ ಕೇಳ್ತದೆ," ಎಂದರು. ಗಾಯ ಮಾಗಿದರೂ ನಾನು ರಾಜನನ್ನು ಬಿಚ್ಚಲು ಒಪ್ಪಲಿಲ್ಲ. ಕೊಳೆಯಾಗಿ ನಾರಲು ಶುರುವಾದಾಗ ಅಜ್ಜಿಯೇ ಸೂಜಿ ಹಿಡಿದು ಹೊಸ ರಾಜನನ್ನು ಹೊಲಿದುಕೊಟ್ಟರು.

ಒಬ್ಬನಿದ್ದ ಮೇಲೆ ಉಳಿದವರೂ ಬಂದರು. ಮುರಿದ ಕೊಡೆಯ ಕಪ್ಪು ಬಟ್ಟೆಯಿಂದ ಮಂತ್ರಿ, ನೆಬಿಸಕ್ಕನ ಹಸಿರು ರವಿಕೆಯ ತುಂಡಿನಿಂದ ರಾಣಿ, ಗೋಣಿಯ ನಾರಿನ ಗಡ್ಡದ ಋಷಿ, ಬಿಸ್ಕತ್ತು ಪ್ಯಾಕೆಟಿನ ಒಳಗಿನ ಬೆಳ್ಳಿ ಕಾಗದದ ಕಿರೀಟ. ಎಲ್ಲರೂ ನನ್ನ ಬೆರಳಿನ ಅಳತೆಯವರು. ಒಂದು ಮಣೆಯನ್ನು ಅಡ್ಡ ನಿಲ್ಲಿಸಿ ನಾನು ಅದರ ಹಿಂದೆ ಕುಳಿತುಕೊಳ್ಳುತ್ತಿದ್ದೆ. ದೊಡ್ಡಮ್ಮನ ಕೈಗೆ ಬಿಡುವಿರಲಿಲ್ಲ, ನನಗೆ ನಾಟಕದ ಮಾತು ಬರುತ್ತಿರಲಿಲ್ಲ. ಹಾಗಾಗಿ ಮಾತು ಅವರದು, ಬೆರಳು ನನ್ನದು. ನಮ್ಮ ಮನೆಯ ಮಾತು ತುಳು. ಇಲ್ಲಿ ನಾನು ಕನ್ನಡದಲ್ಲಿ ಬರೆಯುತ್ತಿರುವುದೆಲ್ಲ ಆಗ ತುಳುವಿನಲ್ಲಿ ಆಡಿದ್ದು. ರಾಜರು ಮಾತ್ರ ಪುಸ್ತಕದ ಕನ್ನಡ ಮಾತನಾಡುತ್ತಿದ್ದರು. "ಆಫೀಸಿನವರು ಕನ್ನಡವೇ ಮಾತಾಡುವುದಲ್ಲವಾ?" ಎಂದು ದೊಡ್ಡಮ್ಮನ ಲೆಕ್ಕ. ಹೆಣ್ಣುಮಕ್ಕಳಿಗೆ ರಾಜ್ಯ ಹಂಚಿ ಬೀದಿಪಾಲಾದ ಮುದುಕ ರಾಜನ ನಾಟಕ ಆಡಿದ ದಿನ ಅಜ್ಜಿ ಬೀಡಿಗೆ ನೂಲು ಸುತ್ತುತ್ತಲೇ ತೀರ್ಪು ಕೊಟ್ಟರು: "ಹೆಣ್ಣುಮಕ್ಕಳಿಗೆ ಆಸ್ತಿ ಕೊಟ್ಟದ್ದರಲ್ಲಿ ತಪ್ಪೇನುಂಟು? ನಮ್ಮಲ್ಲಿ ಹಿಂದಿನಿಂದ ಬಂದದ್ದೇ ಹಾಗೆ. ಅವನು ಬಾಯಿಮಾತು ನಂಬಿದ, ಅದು ತಪ್ಪು." ನಿಮ್ಮ ಬಾಲ್ಯದಲ್ಲೂ ಇಂಥ ಒಂದು ಜಗಲಿ ಇದ್ದಿದ್ದರೆ, ಅಲ್ಲಿ ಕುಳಿತವರಿಗೆ ರಾಜರ ವಿಷಯದಲ್ಲಿ ಎಷ್ಟು ಸಲುಗೆ ಇತ್ತು ಎಂಬುದು ನಿಮಗೆ ಗೊತ್ತಿರುತ್ತದೆ.

ಉಂಗುರದ ನಾಟಕ ಬಂದದ್ದು ನಾಲ್ಕನೇ ಕ್ಲಾಸಿನ ಬೇಸಿಗೆ ರಜೆಯಲ್ಲಿ. ಕಾಡಿಗೆ ಬಂದ ರಾಜ ಅಲ್ಲಿನ ಹುಡುಗಿಯನ್ನು ಮದುವೆಯಾಗಿ, ಉಂಗುರ ಕೊಟ್ಟು, ಕರೆಸಿಕೊಳ್ಳುತ್ತೇನೆಂದು ಹೇಳಿ ಹೋಗುತ್ತಾನೆ. ಒಬ್ಬ ಋಷಿಯ ಶಾಪದಿಂದ ಅವಳನ್ನು ಮರೆತೇಬಿಡುತ್ತಾನೆ. ಬಸುರಿಯಾದ ಅವಳು ತಾನಾಗಿ ಹೊರಡುತ್ತಾಳೆ, ದಾರಿಯಲ್ಲಿ ಉಂಗುರ ಹೊಳೆಗೆ ಬೀಳುತ್ತದೆ. ಅವಳು ಬರಿಗೈಯಲ್ಲಿ ರಾಜಸಭೆಯಲ್ಲಿ ನಿಲ್ಲುವ ತನಕ ಎಲ್ಲರೂ ಆರಾಮವಾಗಿದ್ದರು. ಆಗ ದೊಡ್ಡಮ್ಮ ಗಂಟಲು ದಪ್ಪ ಮಾಡಿ ರಾಜನ ಕನ್ನಡದಲ್ಲಿ, "ಈ ಸ್ತ್ರೀಯು ಯಾರೆಂದು ನಾವು ಅರಿಯೆವು," ಎಂದರು. ನಾನು ರಾಜನನ್ನು ಬೆನ್ನು ತಿರುಗಿಸಿ ನಿಲ್ಲಿಸಿದೆ. ನೆಬಿಸಕ್ಕ ತಡ್ಪೆಯನ್ನು ಎತ್ತಿಕೊಂಡು ಎದ್ದರು. "ತಲೆನೋವು," ಎಂದಷ್ಟೇ ಹೇಳಿ ಮನೆಗೆ ಹೋದರು.

ನೆಬಿಸಕ್ಕನ ಗಂಡ ಇಬ್ರಾಯಿ ಬ್ಯಾರಿ ಗಲ್ಫಿಗೆ ಹೋಗಿ ಆರು ವರ್ಷವಾಗಿತ್ತು. ಕೊನೆಯ ಕಾಗದ ಬಂದು ಮೂರು ವರ್ಷ. ಅದು ಎಲ್ಲರಿಗೂ ಗೊತ್ತಿತ್ತು, ಯಾರೂ ಎತ್ತುತ್ತಿರಲಿಲ್ಲ. ಅಲ್ಲಿ ಅವರಿಗೆ ಬೇರೆ ಸಂಸಾರ ಉಂಟೆಂದು ಪೇಟೆಯಲ್ಲಿ ಒಂದು ಮಾತೂ ಓಡಾಡುತ್ತಿತ್ತು. ಮರುದಿನ ನೆಬಿಸಕ್ಕ ಬರಲಿಲ್ಲ, ಅದರ ಮರುದಿನವೂ ಇಲ್ಲ. ರಾಜನನ್ನು ತಿರುಗಿಸಿದ್ದು ನನ್ನ ಬೆರಳು ಎಂಬುದು ನನ್ನನ್ನು ಕೊರೆಯುತ್ತಿತ್ತು, ಗಂಜಿ ಸೇರಲಿಲ್ಲ. ಮೂರನೆಯ ದಿನ ದೊಡ್ಡಮ್ಮ ನನ್ನ ಕೈ ಹಿಡಿದುಕೊಂಡು ಅವರ ಮನೆಗೆ ಹೋದರು. ನೆಬಿಸಕ್ಕ ಬಾಗಿಲ ಬಳಿ ಕುಳಿತು ಅಕ್ಕಿ ಆರಿಸುತ್ತಿದ್ದರು.

"ತಪ್ಪಾಯಿತು ನೆಬಿಸಾ," ಎಂದರು ದೊಡ್ಡಮ್ಮ. "ಆ ನಾಟಕ ಇನ್ನು ಹೇಳುವುದಿಲ್ಲ."

"ಹೇಳದಿದ್ದರೆ ಅವಳು ಅಲ್ಲೇ ನಿಂತಿರ್ತಾಳಲ್ಲ ಲೀಲಕ್ಕ? ಮೂರು ದಿನದಿಂದ ನನ್ನ ಕಣ್ಣೆದುರು ಆ ಸಭೆಯಲ್ಲಿ ನಿಂತೇ ಇದ್ದಾಳೆ."

"ಹಾಗಾದರೆ ಬಾ. ಮುಂದೆ ಮೀನು ಹಿಡಿಯುವವನಿಗೆ ಉಂಗುರ ಸಿಗ್ತದೆ. ಅದನ್ನೂ ಹೇಳ್ತೇನೆ."

ನೆಬಿಸಕ್ಕ ನನ್ನ ಕಡೆ ನೋಡಿದರು, ಸಿಟ್ಟಿನಿಂದ ಅಲ್ಲ. "ಅವಳನ್ನು ಈ ಮಗುವಿನ ಕೈಯಲ್ಲಿ ಕೊಡಬೇಡಿ. ಇದಕ್ಕೆ ಏನು ಗೊತ್ತುಂಟು? ನೀವೇ ಮಾಡಿ."

ಆ ಮಧ್ಯಾಹ್ನ ದೊಡ್ಡಮ್ಮ ತಡ್ಪೆಯನ್ನು ಗೋಡೆಗೆ ಒರಗಿಸಿಟ್ಟರು. ಹಗಲು ಹೊತ್ತಿನಲ್ಲಿ ಅವರ ಮಡಿಲು ಖಾಲಿ ಇದ್ದದ್ದನ್ನು ನಾನು ಮೊದಲ ಸಲ ನೋಡಿದೆ. ಹಸಿರು ಬಟ್ಟೆಯ ಹೆಣ್ಣನ್ನು ತೋರುಬೆರಳಿಗೆ ಹಾಕಿಕೊಳ್ಳಲು ಹೋದರು. ಎಲೆ ಸುರುಟಿ ಸುರುಟಿ ದಪ್ಪಗಾದ ಆ ಬೆರಳಿಗೆ ನನ್ನ ಅಳತೆಯ ಬೊಂಬೆ ಹಿಡಿಸಲಿಲ್ಲ. ಮಧ್ಯದ ಬೆರಳಿಗೂ ಇಲ್ಲ. ಕೊನೆಗೆ ಕಿರುಬೆರಳಿಗೆ ಸೇರಿತು. ಎದುರಿಗೆ ನನ್ನ ಹೆಬ್ಬೆರಳಿನಲ್ಲಿ ರಾಜ. ಅವನು ಮತ್ತೆ "ಅರಿಯೆವು" ಎಂದ. ದೊಡ್ಡಮ್ಮನ ಕಿರುಬೆರಳು ತುಂಬ ಹೊತ್ತು ನೆಟ್ಟಗೆ ನಿಂತಿತ್ತು. ಬಗ್ಗಲಿಲ್ಲ, ನಡುಗಲಿಲ್ಲ. ಆಮೇಲೆ ಅದು ಮೆಲ್ಲಗೆ ತುಳುವಿನಲ್ಲಿ ಹೇಳಿತು: "ಸರಿ. ನಿಮಗೆ ನೆನಪಿಲ್ಲ. ನನಗೆ ಉಂಟು. ನಾವು ಹೋಗ್ತೇವೆ, ನಾನೂ ಹೊಟ್ಟೆಯಲ್ಲಿರುವ ಇದೂ." ಹೇಳಿ, ತಿರುಗಿ, ಮಣೆಯ ಅಂಚಿನ ಮೇಲೆ ಒಂದೊಂದೇ ಹೆಜ್ಜೆ ಇಟ್ಟು ಹೋಯಿತು. ನನ್ನ ಹೆಬ್ಬೆರಳು ತಾನಾಗಿ ಬಗ್ಗಿತು. ನೆಬಿಸಕ್ಕ ತಲೆಯ ಮೇಲಿನ ಬಟ್ಟೆಯ ಅಂಚಿನಿಂದ ಮೂಗು ಒರೆಸಿಕೊಂಡು, "ಮುಂದೆ ಮೀನು ಹಿಡಿಯುವವನಿಗೆ ಉಂಗುರ ಸಿಗ್ತದೆ ಅಂದಿದ್ದೀರಲ್ಲ, ಅವನನ್ನು ನಾನು ಮಾಡ್ತೇನೆ," ಎಂದರು. ಸಂಜೆ ನಾನು ಕೇಳಿದೆ, ಅವಳು ಹಾಗೆ ಹೇಳಿದ್ದು ಪುಸ್ತಕದಲ್ಲಿ ಉಂಟಾ ಎಂದು. "ಪುಸ್ತಕದಲ್ಲಿ ಅಳ್ತಾಳೆ," ಎಂದರು ದೊಡ್ಡಮ್ಮ. "ಪುಸ್ತಕ ಗೆದ್ದಲು ತಿಂದಾಯಿತಲ್ಲ. ಇನ್ನು ನಾನು ಹೇಳಿದ್ದೇ."

ಮೀನಿನವನ ಬೊಂಬೆಗೆ ನೆಬಿಸಕ್ಕ ತಂದ ಬಟ್ಟೆ ನೀಲಿ ಚೌಕುಳಿಯ ಲುಂಗಿಯ ಮೂಲೆ. ಆರು ವರ್ಷ ಮಡಚಿ ಇಟ್ಟಿದ್ದ ಲುಂಗಿ ಅದು ಎಂದು ಅಜ್ಜಿ ನನಗೆ ಆಮೇಲೆ ಹೇಳಿದರು. ನೆಬಿಸಕ್ಕನ ಮೀನಿನವನು ನಾಟಕದಲ್ಲಿ ಇದ್ದಷ್ಟಕ್ಕೆ ನಿಲ್ಲಲಿಲ್ಲ. ಕಾವಲಿನವರ ಹತ್ತಿರ ಜಗಳವಾಡಿದ, ಬಂಗುಡೆ ಮೀನನ್ನು ಹೊಗಳಿದ, ಬೇರೆ ನಾಟಕಗಳೊಳಗೂ ನುಗ್ಗಿದ. ಮುದುಕ ರಾಜ ಗಾಳಿಮಳೆಯಲ್ಲಿ ಒಬ್ಬನೇ ಅಲೆಯುವಾಗಲೂ ದಾರಿಯಲ್ಲಿ ಇವನು ಬುಟ್ಟಿ ಹೊತ್ತು ಸಿಗುತ್ತಿದ್ದ. ದೊಡ್ಡಮ್ಮ ನಗು ತಡೆಯಲಾರದೆ ಬೀಡಿಯ ಎಲೆ ಹರಿದುಕೊಳ್ಳುತ್ತಿದ್ದರು. ನನ್ನ ಬಾಲ್ಯದಲ್ಲಿ ಅಷ್ಟು ನಗು ಇದ್ದ ವರ್ಷ ಇನ್ನೊಂದಿಲ್ಲ.

ಮರುವರ್ಷ ಒಂದು ಮಧ್ಯಾಹ್ನ ಕೆಳಗೆ ಬಸ್ಸು ನಿಂತು, ಬ್ಯಾಗು ಹಿಡಿದ ಒಬ್ಬ ತೆಳ್ಳಗಿನ ಮನುಷ್ಯ ಮೇಲೆ ಬಂದರು. ನೆಬಿಸಕ್ಕ ನಮ್ಮಲ್ಲಿಗೆ ಬರಲೆಂದು ಆಗಷ್ಟೇ ಬಾಗಿಲಿಗೆ ಬಂದಿದ್ದರು. ಹತ್ತು ಹೆಜ್ಜೆ ಆಚೆ ನಮ್ಮ ಜಗಲಿಯಲ್ಲಿ ನಾವು ಮೂವರು. ನೆಬಿಸಕ್ಕ ಹಣೆಗೆ ಕೈ ಅಡ್ಡ ಹಿಡಿದು, "ಯಾರು?" ಎಂದರು.

"ನಾನು, ನೆಬಿಸಾ."

"ನಾನು ಅಂದರೆ?"

ಆ ಮನುಷ್ಯ ಬ್ಯಾಗನ್ನು ಕೆಳಗಿಟ್ಟರು. ಆಫೀಸಿನಲ್ಲಿ ಹೇಳುವ ಹಾಗೆ, ಕೈ ಕಟ್ಟಿ, "ನೆರಿಯದ ಅಬ್ಬು ಬ್ಯಾರಿಯ ಮಗ ಇಬ್ರಾಯಿ," ಎಂದರು. ನೆಬಿಸಕ್ಕ ಬಾಗಿಲಿನಿಂದ ಪಕ್ಕಕ್ಕೆ ಸರಿದರು. "ಕೈಕಾಲು ತೊಳೆದು ಬನ್ನಿ. ಗಂಜಿ ಉಂಟು."

ಬೇರೆ ಸಂಸಾರವೇನೂ ಇರಲಿಲ್ಲ. ಕೆಲಸ ಹೋಗಿ, ಪಾಸ್‌ಪೋರ್ಟು ಯಾರದೋ ಕೈಯಲ್ಲಿ ಸಿಕ್ಕಿಕೊಂಡು, ಬರಿಗೈಯಲ್ಲಿ ಊರಿಗೆ ಹೇಗೆ ಮುಖ ತೋರಿಸುವುದೆಂದು ಕಾಗದ ಬರೆಯುವುದನ್ನೂ ನಿಲ್ಲಿಸಿದ್ದರು. ಬಿಸಿಲಿನಿಂದ ಕಣ್ಣಿಗೆ ಕತ್ತಲೆ ಕಟ್ಟಿ ಗುರುತು ಸಿಗಲಿಲ್ಲ ಎಂದು ನೆಬಿಸಕ್ಕ ಕೊನೆಯವರೆಗೂ ಸಾಧಿಸಿದರು. "ಬಿಸಿಲು ನಿನ್ನ ಬೆನ್ನಿಗೆ ಇತ್ತು ಮಾರಾಯ್ತಿ," ಎನ್ನುತ್ತಿದ್ದರು ದೊಡ್ಡಮ್ಮ. ಇಬ್ರಾಯಿ ಬ್ಯಾರಿ ಆಟೋ ಓಡಿಸತೊಡಗಿದರು. ಮಧ್ಯಾಹ್ನ ಬಾಡಿಗೆ ಇಲ್ಲದಾಗ ನಮ್ಮ ಜಗಲಿಯ ತುದಿಯಲ್ಲಿ ಬಂದು ಕುಳಿತುಕೊಳ್ಳುತ್ತಿದ್ದರು. ಅವರಿಗೆ ಕಾವಲಿನವನ ಪಾತ್ರ ಸಿಕ್ಕಿತು. ರಾಜನ ಪಾತ್ರವನ್ನು ಯಾರೂ ಕೊಡಲಿಲ್ಲ, ಅವರೂ ಕೇಳಲಿಲ್ಲ.

ಆಮೇಲಿನದು ಎಲ್ಲರ ಮನೆಯ ಕಥೆಯ ಹಾಗೆಯೇ. ಅಜ್ಜಿ ತೀರಿಕೊಂಡರು. ನಾನು ದೊಡ್ಡವಳಾಗಿ ಟೀಚರ್ ಆದೆ. ಹೆದ್ದಾರಿ ಅಗಲವಾಗುವಾಗ ನಮ್ಮ ಸಾಲಿನ ಮನೆಗಳೆಲ್ಲ ಹೋದವು. ನೆಬಿಸಕ್ಕನವರು ನೆರಿಯಕ್ಕೆ ಹೋದರು, ನಾವು ಮೂಡುಬಿದಿರೆಗೆ ಬಂದೆವು. ಬೊಂಬೆಗಳು ಎಲ್ಲಿ ಹೋದವೋ ತಿಳಿಯದು. ಬಟ್ಟೆಯ ಚೂರುಗಳು, ಸಾಮಾನು ಕಟ್ಟುವ ಗಡಿಬಿಡಿಯಲ್ಲಿ ಯಾರೋ ಲಾಟೀನಿನ ಗಾಜು ಒರೆಸಿ ಎಸೆದಿರಬಹುದು. ದೊಡ್ಡಮ್ಮ ಅದಕ್ಕಾಗಿ ಕೊರಗಲಿಲ್ಲ, ನಾನೂ ಹೆಚ್ಚು ಹುಡುಕಲಿಲ್ಲ.

ಮೂಡುಬಿದಿರೆಯಲ್ಲಿ ಒಂದು ಸಂಜೆ ಆ ಮುದುಕ ರಾಜನ ನಾಟಕ ಇದೆಯೆಂದು ತಿಳಿದು ದೊಡ್ಡಮ್ಮನನ್ನು ಕರೆದುಕೊಂಡು ಹೋದೆ. ಅವರು ರಂಗದ ಮೇಲೆ ನಾಟಕ ನೋಡಿದ್ದು ಅದೇ ಮೊದಲು. ದೊಡ್ಡ ದೀಪಗಳು, ಗುಡುಗಿನ ಸದ್ದು, ಆರಡಿ ಎತ್ತರದ ರಾಜ. ಕೊನೆಯವರೆಗೂ ಕೈ ಕಟ್ಟಿ ಕುಳಿತು ನೋಡಿದರು. ವಾಪಸು ಬರುವಾಗ ಆಟೋದಲ್ಲಿ ಹೇಗಿತ್ತು ಎಂದು ಕೇಳಿದೆ. "ಚೆಂದ ಇತ್ತು," ಎಂದರು. ಸ್ವಲ್ಪ ದೂರ ಬಂದ ಮೇಲೆ, "ಆದರೆ ಅಷ್ಟು ದೊಡ್ಡವರು ಬೇಕಿತ್ತಾ ಮಗಾ?" ಎಂದರು. ನಾನು ನಕ್ಕೆ, ಅವರು ನಗಲಿಲ್ಲ, ನಿಜವಾಗಿಯೇ ಕೇಳಿದ್ದರು.

ಅದಾದ ಮರುವರ್ಷ ದೊಡ್ಡಮ್ಮ ಹೋದರು, ಹೆಚ್ಚು ನರಳದೆ, ನಾಲ್ಕು ದಿನದ ಜ್ವರದಲ್ಲಿ. ನೆಬಿಸಕ್ಕ ಸುದ್ದಿ ಕೇಳಿ ಎರಡು ಬಸ್ಸು ಬದಲಿಸಿ ಬಂದರು. ಎಲ್ಲ ಮುಗಿದ ಮೇಲೆ ಜಗಲಿಯಲ್ಲಿ ನಾವಿಬ್ಬರೇ ಕುಳಿತಿದ್ದೆವು. ಅವರು ಅಳಲಿಲ್ಲ. ಹೊರಡುವಾಗ ನನ್ನ ಬೆನ್ನ ಮೇಲೆ ಕೈ ಇಟ್ಟು, "ಇನ್ನು ನಿನಗೆ ಮಧ್ಯಾಹ್ನ ಉದ್ದ ಆಗ್ತದೆ ಮಗಾ," ಎಂದರು.

ಹಾಗೆಯೇ ಆಯಿತು. ರಜೆಯ ದಿನ ಊಟ ಮುಗಿಸಿ ಪಾತ್ರೆ ತೊಳೆದಿಟ್ಟ ಮೇಲೆ, ಗಂಟೆ ಮೂರಾಗಲು ಈಗ ತುಂಬ ಹೊತ್ತು ಹಿಡಿಯುತ್ತದೆ.