ಸುಣ್ಣ ಬಳಿದ ಗುಂಡಿ

ಆ ವರ್ಷ ನಾನು ಕಾಲೇಜಿನ ಎರಡನೆಯ ವರ್ಷದಲ್ಲಿದ್ದೆನೋ ಮೂರನೆಯದರಲ್ಲೋ, ಗುಂಡಿಗೆ ಹಾಸಿದ್ದ ಚಪ್ಪಡಿ ಆರೋ ಎಂಟೋ, ಈಗ ಆಣೆಯಿಟ್ಟು ಹೇಳಲಾರೆ. ಸಿಟ್ಟು ನನ್ನ ನೆನಪನ್ನು ಅಲ್ಲಲ್ಲಿ ತಿದ್ದಿರಲೂಬಹುದು.

ಹುಣಸೂರಿನ ಹೊರಗೆ, ಲಕ್ಷ್ಮಣತೀರ್ಥದ ದಂಡೆಯಲ್ಲಿ, ನನ್ನ ಸೋದರಮಾವನ ಅಕ್ಕಿ ಗಿರಣಿಯಿತ್ತು. ಕುಸುಬಲಕ್ಕಿಗಾಗಿ ಭತ್ತವನ್ನು ಬೇಯಿಸುವ ಮುಂಚೆ ತೊಟ್ಟಿಗಳಲ್ಲಿ ಎರಡು ಮೂರು ದಿನ ನೆನೆಹಾಕುತ್ತಿದ್ದರು. ಆ ಹುಳಿತ ನೀರು ನೇರ ಹೊಳೆಗೆ ಹೋಗುತ್ತಿತ್ತು. ಕೆಳಗಿನ ಕೇರಿಯ ಹೆಂಗಸರು ಅಲ್ಲೇ ಮರಳಿನಲ್ಲಿ ಒರತೆ ತೋಡಿ ಕುಡಿಯುವ ನೀರು ತುಂಬುತ್ತಿದ್ದರು. ಗಿರಣಿಯಲ್ಲಿ ಅಕ್ಕಿ ಕೇರುವವರೂ ಅವರೇ. ದೂರು ಹೋಗಿ, ಓವರ್‌ಸಿಯರ್ ಒಬ್ಬರು ಬಂದು, ತೊಟ್ಟಿಯ ನೀರು ನಿಂತು ಹೊಳೆಗೆ ಹೋಗಲೆಂದು ಆಳದ ಗುಂಡಿ ಕಟ್ಟಿಸಿ ಚಪ್ಪಡಿ ಮುಚ್ಚಿಸಿದರು. ಕೆಲವು ತಿಂಗಳಲ್ಲಿ ತಳದಲ್ಲಿ ಕಪ್ಪು ಕೆಸರು ಕೂತಿತು, ಹೊರಬರುವ ನೀರಿನ ನಾತ ಇಳಿಯಿತು. ಗಾಳಿಯೇ ಬೇಡದ ಸೂಕ್ಷ್ಮಜೀವಿಗಳು ಅಂಥ ಕೆಸರಿನಲ್ಲಿದ್ದು ಕೊಳೆಯನ್ನು ತಿಂದು ಮುಗಿಸುತ್ತವೆ ಎಂದು ನಾನು ಪಾಠದಲ್ಲಿ ಓದಿದ್ದೆ.

ಆಯುಧಪೂಜೆಗೆ ಗಿರಣಿಯನ್ನೆಲ್ಲ ತೊಳೆಯುವುದು ವಾಡಿಕೆ. ಬಾಯ್ಲರ್, ಬೆಲ್ಟು, ಮೊರ ಎಲ್ಲ ಆದ ಮೇಲೆ ಮಾವ ಗುಂಡಿಯನ್ನೂ ಬರಿದು ಮಾಡಿಸಿ ಒಳಗೆ ಸುಣ್ಣ ಬಳಿಯಲು ಹೇಳಿದರು. ಕೆಲಸ ಮಾಡುತ್ತಿರುವುದು ಆ ಕೆಸರೇ, ಕಾಲುಭಾಗವನ್ನಾದರೂ ಉಳಿಸಿ ಎಂದು ದಸರೆಯ ರಜೆಗೆ ಬಂದಿದ್ದ ನಾನು ಹೇಳಿದೆ.

“ಹಬ್ಬದ ದಿನ ಕೆಸರಿಗೂ ಕುಂಕುಮ ಇಕ್ಕನಾ ಅಂತೀಯಾ?” ಎಂದರು ಮಾವ. ಕೇರುವ ಹೆಂಗಸರೂ ನಕ್ಕರು.

ಹಬ್ಬ ಮುಗಿದು ತೊಟ್ಟಿ ತುಂಬಿದ ವಾರದೊಳಗೆ ಗುಂಡಿಯಿಂದ ಮತ್ತೆ ಅದೇ ಹುಳಿ ನೀರು. ಒರತೆಯಲ್ಲಿ ನೊರೆ. ಕೇರುವವರಲ್ಲಿ ಹಿರಿಯಳೊಬ್ಬಳು ಖಾಲಿ ಬಿಂದಿಗೆ ಹಿಡಿದು ಮಾವನ ಮನೆಯ ಹಿತ್ತಲ ಬೇಲಿಯಾಚೆ ನಿಂತಳು.

“ಬಾಯ್ಗೆ ಮಡಗಕ್ಕಾಯ್ತಿಲ್ಲ ಕಣವ್ವ. ನಿಮ್ ಬಾವೀಲಿ ಒಂದ್ ಬಿಂದ್ಗೆ ಸೇದಿ ಉಯ್ಯವ್ವ.”

ಮಳೆ ಬಂದರೆ ಹೊಳೆ ತಾನೇ ತೊಳೆದುಕೊಳ್ಳುತ್ತದೆ, ಅಲ್ಲಿಯವರೆಗೆ ಮೇಲಕ್ಕೆ ಹೋಗಿ ತಂದುಕೊಳ್ಳಲಿ ಎಂದರು ಮಾವ. ಮೇಲಕ್ಕೆ ಅಂದರೆ ಒಂದು ಮೈಲಿ. ತಡವಾಗಿ ಬಂದವರಿಗೆ ಗಿರಣಿಯ ಬಾಗಿಲು ತೆಗೆಯಬೇಡಿ ಎಂದವರೂ ಅವರೇ.

ನಾನು ಆ ಬಿಂದಿಗೆ ತುಂಬಿಕೊಟ್ಟೆ. ಒಂದೇ ದಿನ. ಮಾರನೆಯ ಬೆಳಿಗ್ಗೆ ಬಾವಿಯ ಹಗ್ಗ ಒಳಕೋಣೆ ಸೇರಿತ್ತು. ಅವಳು ಮತ್ತೆ ಬಂದು ನಿಂತಿದ್ದಳು. ನಾನು ಹಗ್ಗ ಕೇಳಿ ಜಗಳವಾಡಲಿಲ್ಲ, ಮೈಸೂರಿನ ಕಾಲೇಜಿಗೆ ಹೊರಡಲು ಪೆಟ್ಟಿಗೆ ಕಟ್ಟಿದೆ. ಆ ಸಿಟ್ಟು ನನ್ನ ಮೇಲೇ ಇದೆ, ಅದನ್ನು ಮಾವನ ತಲೆಗೆ ಕಟ್ಟುವುದಿಲ್ಲ.

ಬಸ್ಸಿಗೆ ಮುಂಚೆ ಒರತೆಯ ನೀರನ್ನು ಚೊಂಬಿನಲ್ಲಿ ತಂದು ಜಗಲಿಯ ಮೇಲೆ, ಮಾವನ ಮುಂದೆ ಇಟ್ಟೆ. ಅವರು ಅಡಿಕೆ ಕತ್ತರಿಸುತ್ತಲೇ ಇದ್ದರು. ಮಾವ ಇನ್ನೂ ಗಟ್ಟಿಯಾಗಿದ್ದಾರೆ, ಗಿರಣಿಯೂ ನಡೆಯುತ್ತಿದೆ. ಅಂದು ನಾನು ಕೇಳಿದ್ದು ಇಷ್ಟೇ:

“ಮಾವ, ಇದನ್ನ ನೀವು ಕುಡೀತೀರಾ?”